ಕ್ಯಾನ್ಸರ್ ಇಲ್ಲ ಅಂದ್ರು, ಉಳಿದ ಸಾಲು ಯಾರು ಓದಬೇಕು?

ಹೋದ ಬೇಸಿಗೆಯಲ್ಲಿ ನಮ್ಮ ಸೋದರಮಾವನಿಗೆ ಎದೆಯ ಸಿಟಿ ಸ್ಕ್ಯಾನ್ ಮಾಡಿಸಿದೆವು. ಅವರಿಗೆ ಈಗ 61. ಸಂಡೂರು ಕಡೆ ಹದಿನೈದು ವರ್ಷ ಅದಿರು ಲಾರಿ ಓಡಿಸಿದವರು. 2011ರಲ್ಲಿ ಸುಪ್ರೀಂ ಕೋರ್ಟ್ ಗಣಿಗಾರಿಕೆ ನಿಲ್ಲಿಸಿದ ಮೇಲೆ ಬಳ್ಳಾರಿಗೆ ಬಂದು ಗೋಡೌನ್ ಒಂದರಲ್ಲಿ ಕೆಲಸಕ್ಕೆ ಸೇರಿದರು. ಮೂವತ್ತು ವರ್ಷದಿಂದ ದಿನಕ್ಕೆ ಒಂದು ಕಟ್ಟು ಬೀಡಿ. ಅವರ ಜೊತೆ ಲಾರಿ ಓಡಿಸುತ್ತಿದ್ದ ಗೆಳೆಯರೊಬ್ಬರು ಶ್ವಾಸಕೋಶದ ಕ್ಯಾನ್ಸರ್‌ನಿಂದ ತೀರಿಕೊಂಡಾಗ ಮನೆಯವರಿಗೆಲ್ಲ ಹೆದರಿಕೆ ಶುರುವಾಯಿತು. ಮಾವ ಮಾತ್ರ "ನನಗೇನಾಗೇತಿ, ಸುಮ್ನಿರ್ರಿ" ಅಂತಿದ್ದರು. ಅತ್ತೆ ಬಿಡಲಿಲ್ಲ.

ರಿಪೋರ್ಟ್ ಬಂತು. ಡಾಕ್ಟರು ಕೊನೆಯ ಎರಡು ಸಾಲು ನೋಡಿದರು. "ಕ್ಯಾನ್ಸರ್ ಗಡ್ಡೆ ಏನೂ ಕಾಣ್ತಿಲ್ಲ, ಆರಾಮಾಗಿರಿ" ಅಂದರು. ಅತ್ತೆ ಅಲ್ಲೇ ಕಣ್ಣು ಮುಚ್ಚಿ ಕೈ ಮುಗಿದರು. ಆಟೋದಲ್ಲಿ ಬರುವಾಗ ಮಾವ ಒಂದು ಬೀಡಿ ಹಚ್ಚಿದರು. ಯಾರೂ ಬೇಡ ಅನ್ನಲಿಲ್ಲ, ಅಷ್ಟು ಖುಷಿಯಾಗಿತ್ತು.

ರಾತ್ರಿ ನಾನು ಆ ರಿಪೋರ್ಟ್ ಬಿಡಿಸಿಕೊಂಡು ಕೂತೆ. ಇಂಗ್ಲಿಷಿನಲ್ಲಿ ಒಂದೂವರೆ ಪುಟ. ಎರಡೂ ಶ್ವಾಸಕೋಶದ ಮೇಲ್ಭಾಗದಲ್ಲಿ ಎಂಫಿಸೀಮಾ. ಬಲಗಡೆ ಮೇಲೆ ಹಳೆಯ ಗಾಯದ ಗುರುತು, ಅದರೊಳಗೆ ಸುಣ್ಣ. ಅಲ್ಲಲ್ಲಿ ಸಣ್ಣ ಸಣ್ಣ ಗಂಟು. ಹೃದಯದ ರಕ್ತನಾಳದ ಗೋಡೆಯಲ್ಲೂ ಸುಣ್ಣ. ಇಷ್ಟೆಲ್ಲ ಬರೆದಿದ್ದರೂ ನಾವು ಮನೆಗೆ ತಂದ ಸುದ್ದಿ ಮಾತ್ರ "ಏನೂ ಇಲ್ಲ" ಅನ್ನುವುದು.

ಡಾಕ್ಟರು ಸುಳ್ಳು ಹೇಳಿದರು ಅಂತ ನಾನು ಹೇಳುವುದಿಲ್ಲ. ನಾವು ಹೋಗಿ ಕೇಳಿದ್ದು ಒಂದೇ ಪ್ರಶ್ನೆ, ಕ್ಯಾನ್ಸರ್ ಇದೆಯಾ ಇಲ್ಲವಾ. ಅದಕ್ಕೆ ಸರಿಯಾದ ಉತ್ತರ ಸಿಕ್ಕಿತು. ಆದರೆ ಮಾವನ ಎದೆಯಲ್ಲಿ ಏನಿದೆ ಅನ್ನುವ ಪ್ರಶ್ನೆಯನ್ನು ಯಾರೂ ಕೇಳಲಿಲ್ಲ. ಅದಕ್ಕೂ ಉತ್ತರ ಆ ಕಾಗದದಲ್ಲೇ ಇತ್ತು.

ಸ್ಕ್ಯಾನ್ ಯಾಕೆ ಬಂತು

ಶ್ವಾಸಕೋಶದ ಕ್ಯಾನ್ಸರ್ ಬಹಳ ದಿನ ಸದ್ದಿಲ್ಲದೆ ಬೆಳೆಯುತ್ತದೆ. ಕೆಮ್ಮು, ಕಫದಲ್ಲಿ ರಕ್ತ, ತೂಕ ಇಳಿಯುವುದು ಇವೆಲ್ಲ ಶುರುವಾಗುವ ಹೊತ್ತಿಗೆ ನಮ್ಮ ದೇಶದಲ್ಲಿ ಹೆಚ್ಚಿನವರು ಮೂರನೇ ಅಥವಾ ನಾಲ್ಕನೇ ಹಂತದಲ್ಲಿರುತ್ತಾರೆ. ಲಕ್ಷಣ ಕಾಣುವ ಮೊದಲೇ ಹಿಡಿಯಬೇಕು ಅನ್ನುವುದು ಸ್ಕ್ರೀನಿಂಗ್‌ನ ಉದ್ದೇಶ. ಅದಕ್ಕೆ ಬಳಸುವುದು ಕಡಿಮೆ ಡೋಸ್‌ನ ಸಿಟಿ. ಮಾಮೂಲಿ ಎದೆಯ ಸಿಟಿಯಲ್ಲಿ ಸುಮಾರು 7 ಮಿಲಿಸೀವರ್ಟ್ ವಿಕಿರಣ ಇದ್ದರೆ, ಇದರಲ್ಲಿ ಸುಮಾರು 1.5. ಗಾಳಿ, ನೆಲ, ಆಕಾಶದಿಂದ ಏಳೆಂಟು ತಿಂಗಳಲ್ಲಿ ನಮಗೆಲ್ಲ ತಾನಾಗಿಯೇ ತಗಲುವಷ್ಟು.

ಇದು ಕೆಲಸ ಮಾಡುತ್ತದೆ ಅನ್ನುವುದಕ್ಕೆ ಗಟ್ಟಿ ಪುರಾವೆ ಇದೆ. ಅಮೆರಿಕದಲ್ಲಿ 53,454 ಜನರ ಮೇಲೆ ನಡೆದ ಎನ್‌ಎಲ್‌ಎಸ್‌ಟಿ ಅಧ್ಯಯನದ ಫಲಿತಾಂಶ 2011ರಲ್ಲಿ ಬಂತು. ಎಕ್ಸ್‌ರೇ ಮಾಡಿಸಿದವರಿಗಿಂತ ಸಿಟಿ ಮಾಡಿಸಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್‌ನ ಸಾವು ಶೇ 20ರಷ್ಟು ಕಡಿಮೆಯಾಗಿತ್ತು. ಯುರೋಪಿನ ನೆಲ್ಸನ್ ಅಧ್ಯಯನ 2020ರಲ್ಲಿ ಗಂಡಸರಲ್ಲಿ ಹತ್ತು ವರ್ಷಕ್ಕೆ ಶೇ 24ರಷ್ಟು ಇಳಿಕೆ ತೋರಿಸಿತು. ಇವತ್ತು ಅಮೆರಿಕದಲ್ಲಿ 50ರಿಂದ 80 ವಯಸ್ಸಿನ, 20 ಪ್ಯಾಕ್-ವರ್ಷ ಸೇದಿದ, ಈಗಲೂ ಸೇದುವ ಅಥವಾ ಬಿಟ್ಟು 15 ವರ್ಷ ಆಗದವರಿಗೆ ವರ್ಷಕ್ಕೊಂದು ಸ್ಕ್ಯಾನ್ ಮಾಡಿಸಿಕೊಳ್ಳಲು ಸಲಹೆ ಇದೆ. ಪ್ಯಾಕ್-ವರ್ಷ ಅಂದರೆ ದಿನಕ್ಕೆ 20 ಸಿಗರೇಟಿನಂತೆ ಒಂದು ವರ್ಷ. ಬೀಡಿ ಕಟ್ಟನ್ನು ಈ ಲೆಕ್ಕಕ್ಕೆ ಹೇಗೆ ಹಾಕಬೇಕು ಅನ್ನುವುದು ಆ ನಿಯಮದಲ್ಲಿ ಇಲ್ಲ.

ಭಾರತದಲ್ಲಿ ಸರ್ಕಾರದ ಶ್ವಾಸಕೋಶ ಸ್ಕ್ರೀನಿಂಗ್ ಕಾರ್ಯಕ್ರಮ ಇಲ್ಲ. 30 ದಾಟಿದವರಿಗೆ ಬಿಪಿ, ಶುಗರ್ ಜೊತೆಗೆ ಬಾಯಿ, ಸ್ತನ, ಗರ್ಭಕಂಠದ ಕ್ಯಾನ್ಸರ್ ತಪಾಸಣೆ ಇದೆ, ಶ್ವಾಸಕೋಶಕ್ಕಿಲ್ಲ. ಹಾಗಾಗಿ ನಮ್ಮಲ್ಲಿ ಈ ಸ್ಕ್ಯಾನ್ ಮಾಡಿಸುವವರು ನಮ್ಮ ಮಾವನ ತರ ಹೆದರಿಕೆಯಿಂದ ಹೋದವರು, ಇಲ್ಲಾಂದ್ರೆ ಖಾಸಗಿ ಆಸ್ಪತ್ರೆಯ ಹೆಲ್ತ್ ಪ್ಯಾಕೇಜ್ ತೆಗೆದುಕೊಂಡವರು. ಹಿಂದೆ ಮುಂದೆ ನೋಡಿಕೊಳ್ಳುವ ವ್ಯವಸ್ಥೆ ಇಲ್ಲದೆ ಒಂದು ಕಾಗದ ಕೈಗೆ ಬರುತ್ತದೆ. ತೊಂದರೆ ಶುರುವಾಗುವುದೇ ಅಲ್ಲಿಂದ.

ರಿಪೋರ್ಟಿನ ಒಂದು ಅಕ್ಷರ

ಸ್ಕ್ಯಾನ್ ಯಂತ್ರಕ್ಕೆ ಕ್ಯಾನ್ಸರ್ ಮಾತ್ರ ಕಾಣಬೇಕು ಅಂತ ಹೇಳಲು ಆಗುವುದಿಲ್ಲ. ಎದೆಯೊಳಗೆ ಇರುವುದೆಲ್ಲ ಅದಕ್ಕೆ ಕಾಣುತ್ತದೆ. ಎನ್‌ಎಲ್‌ಎಸ್‌ಟಿಯಲ್ಲಿ ಸಿಟಿ ಮಾಡಿಸಿಕೊಂಡವರ ರಿಪೋರ್ಟುಗಳನ್ನು ಆಮೇಲೆ ಮತ್ತೆ ತೆಗೆದು ನೋಡಿದಾಗ, ಮೂರರಲ್ಲಿ ಒಬ್ಬರಿಗೆ ಕ್ಯಾನ್ಸರ್ ಬಿಟ್ಟು ಬೇರೇನೋ ಗಮನಿಸಬೇಕಾದ್ದು ಸಿಕ್ಕಿತ್ತು. ಅದರಲ್ಲಿ ಎಲ್ಲಕ್ಕಿಂತ ಜಾಸ್ತಿ ಎಂಫಿಸೀಮಾ. ಕ್ಯಾನ್ಸರ್ ಸಿಗುವುದು ನೂರರಲ್ಲಿ ಒಬ್ಬಿಬ್ಬರಿಗೆ. ಅಂದರೆ ಕ್ಯಾನ್ಸರ್ ಹುಡುಕಲು ಹೋದ ಸ್ಕ್ಯಾನ್‌ನಲ್ಲಿ ಬೇರೆ ಕಾಯಿಲೆ ಸಿಗುವ ಸಂಭವವೇ ಎಷ್ಟೋ ಪಟ್ಟು ಹೆಚ್ಚು.

ಈ ಸ್ಕ್ಯಾನ್ ರಿಪೋರ್ಟ್ ಬರೆಯಲು ಅಮೆರಿಕದ ರೇಡಿಯಾಲಜಿ ಡಾಕ್ಟರುಗಳ ಸಂಸ್ಥೆ ಮಾಡಿದ ಲಂಗ್-ರ್ಯಾಡ್ಸ್ ಅನ್ನುವ ಪದ್ಧತಿ ಇದೆ. 1 ಅಂದರೆ ಗಂಟು ಇಲ್ಲ. 2 ಅಂದರೆ ಇದ್ದರೂ ಕ್ಯಾನ್ಸರ್ ತರ ಕಾಣುವುದಿಲ್ಲ. 3 ಅಂದರೆ ಆರು ತಿಂಗಳಿಗೆ ಮತ್ತೆ ನೋಡೋಣ. 4 ಅಂದರೆ ಅನುಮಾನ ಇದೆ. ಈ ಅಂಕಿಯ ಪಕ್ಕದಲ್ಲಿ ಕೆಲವೊಮ್ಮೆ ಎಸ್ ಅನ್ನುವ ಇಂಗ್ಲಿಷ್ ಅಕ್ಷರ ಇರುತ್ತದೆ. ಕ್ಯಾನ್ಸರ್ ಅಲ್ಲದ, ಆದರೆ ಬಿಡಬಾರದ ಇನ್ನೊಂದು ವಿಷಯ ಇದೆ ಅಂತ ಅದರ ಅರ್ಥ. ಮಾವನ ರಿಪೋರ್ಟಿನಲ್ಲಿ "2 ಎಸ್" ಅಂತ ಇತ್ತು. 2 ನೋಡಿ ಸಮಾಧಾನ ಮಾಡಿಕೊಂಡೆವು. ಎಸ್ ಯಾರ ಕಣ್ಣಿಗೂ ಬೀಳಲಿಲ್ಲ.

ಎಂಫಿಸೀಮಾ ಅಂದರೇನು? ನಮ್ಮ ಶ್ವಾಸಕೋಶದ ತುದಿಯಲ್ಲಿ ದ್ರಾಕ್ಷಿ ಗೊಂಚಲಿನಂಥ ಪುಟ್ಟ ಗಾಳಿಚೀಲಗಳಿವೆ. ಹೊಗೆ, ಧೂಳು ವರ್ಷಗಟ್ಟಲೆ ಒಳಗೆ ಹೋದಾಗ ಅವುಗಳ ನಡುವಿನ ಗೋಡೆ ಸವೆದು, ಹತ್ತಾರು ಚೀಲ ಸೇರಿ ಒಂದು ದೊಡ್ಡ ಜೋಳಿಗೆಯಾಗುತ್ತದೆ. ಸಿಟಿಯಲ್ಲಿ ಅದು ಕಪ್ಪು ತೂತುಗಳ ಹಾಗೆ ಕಾಣುತ್ತದೆ, ಗೆದ್ದಲು ತಿಂದ ಹಲಗೆಯ ತರ. ಹೋದ ಗೋಡೆ ಮತ್ತೆ ಬರುವುದಿಲ್ಲ. ಆದರೆ ಸೇದುವುದನ್ನು ನಿಲ್ಲಿಸಿದರೆ ಸವೆತದ ವೇಗ ಇಳಿಯುತ್ತದೆ, ಅದೂ ಯಾವ ವಯಸ್ಸಿನಲ್ಲಿ ನಿಲ್ಲಿಸಿದರೂ. ಇನ್ನೊಂದು ಮಾತು ಇಲ್ಲೇ ಹೇಳಿಬಿಡಬೇಕು. ಎಂಫಿಸೀಮಾ ಇರುವವರಿಗೆ ಮುಂದೆ ಶ್ವಾಸಕೋಶದ ಕ್ಯಾನ್ಸರ್ ಬರುವ ಅಪಾಯವೂ ಇಲ್ಲದವರಿಗಿಂತ ಜಾಸ್ತಿ. ಕ್ಯಾನ್ಸರ್ ಇಲ್ಲ ಅಂತ ಖುಷಿಯಾಗಿ ಬೀಡಿ ಹಚ್ಚಿದ ಮಾವ ನೆನಪಾದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಎರಡು ವಾರದ ನಂತರ ಶ್ವಾಸಕೋಶದ ತಜ್ಞರ ಹತ್ತಿರ ಕರೆದುಕೊಂಡು ಹೋದೆವು. ಅವರು ಮೊದಲು ಕೇಳಿದ್ದು, "ಮಹಡಿ ಹತ್ತುವಾಗ ದಮ್ ಹತ್ತುತ್ತಾ?" ಮಾವ ಇಲ್ಲ ಅಂದರು. ಪಕ್ಕದಲ್ಲಿದ್ದ ಅತ್ತೆ, "ಎರಡು ವರ್ಷ ಆತ್ರೀ, ಮ್ಯಾಲೆ ಹತ್ತೋದೇ ಬಿಟ್ಟಾರ. ಒಣಗಿಸಿದ ಮೆಣಸಿನಕಾಯಿ ತರಾಕೂ ನಾನೇ ಹೋಗ್ತೀನಿ" ಅಂದರು. ಉಸಿರು ಸಾಲದಾದಾಗ ಜನ ಡಾಕ್ಟರ ಹತ್ತಿರ ಹೋಗುವುದಿಲ್ಲ, ಮೆಟ್ಟಿಲು ಹತ್ತುವುದನ್ನು ಬಿಡುತ್ತಾರೆ. ವಯಸ್ಸಾಯ್ತು ಅಂತ ತಮಗೆ ತಾವೇ ಹೇಳಿಕೊಳ್ಳುತ್ತಾರೆ.

ಆಮೇಲೆ ಊದುವ ಪರೀಕ್ಷೆ. ಸ್ಪೈರೋಮೆಟ್ರಿ ಅಂತಾರೆ. ಮೂಗಿಗೆ ಕ್ಲಿಪ್ ಹಾಕಿ, ಬಾಯಿಗೆ ಕೊಳವೆ ಕೊಟ್ಟು, ಎದೆ ತುಂಬ ಉಸಿರು ಎಳೆದುಕೊಂಡು ಒಂದೇ ಏಟಿಗೆ ಹೊರಗೆ ಊದಬೇಕು. "ಊದ್ರೀ, ಊದ್ರೀ, ಇನ್ನೂ, ಇನ್ನೂ, ಬಿಡಬ್ಯಾಡ್ರಿ" ಅಂತ ಆ ಹುಡುಗಿ ಕೂಗುತ್ತಿದ್ದಳು. ಮಾವನ ಮುಖ ಕೆಂಪಗಾಗಿ, ಕುತ್ತಿಗೆಯ ನರ ಉಬ್ಬಿ, ಕೊನೆಗೆ ಕೆಮ್ಮು ಬಂತು. ಔಷಧಿ ಎಳೆಸಿ, ಕಾಲು ಗಂಟೆ ಬಿಟ್ಟು ಮತ್ತೆ ಊದಿಸಿದರು. ಮೊದಲ ಸೆಕೆಂಡಿನಲ್ಲಿ ಹೊರಬಂದ ಗಾಳಿಯನ್ನು ಒಟ್ಟು ಗಾಳಿಯಿಂದ ಭಾಗಿಸುತ್ತಾರೆ. ಅದು 0.70ಕ್ಕಿಂತ ಕಡಿಮೆ ಇದ್ದರೆ ಸಿಒಪಿಡಿ, ಅಂದರೆ ಉಸಿರು ಸರಾಗವಾಗಿ ಹೊರಗೆ ಹೋಗದ, ಬಹುಕಾಲ ಉಳಿಯುವ ಶ್ವಾಸಕೋಶದ ಕಾಯಿಲೆ. ಮಾವನದು 0.58. ಅವರಿಗೆ ಈ ಕಾಯಿಲೆ ಎಷ್ಟೋ ವರ್ಷದಿಂದ ಇತ್ತು. ಹೆಸರು ಸಿಕ್ಕಿದ್ದು ಆವತ್ತು.

ಭಾರತದಲ್ಲಿ 2016ರಲ್ಲಿ ಸುಮಾರು 5.53 ಕೋಟಿ ಜನರಿಗೆ ಸಿಒಪಿಡಿ ಇತ್ತು, 1990ರಲ್ಲಿ ಇದು 2.81 ಕೋಟಿ ಇತ್ತು ಅನ್ನುತ್ತದೆ ರಾಜ್ಯವಾರು ಕಾಯಿಲೆಗಳ ಹೊರೆಯ ಲೆಕ್ಕ. ಅದರಲ್ಲಿ ನನ್ನನ್ನು ತಡೆದು ನಿಲ್ಲಿಸಿದ ಅಂಕಿ ಬೇರೆ. ಈ ಕಾಯಿಲೆಯ ಹೊರೆಯಲ್ಲಿ ಶೇ 53.7 ಗಾಳಿಯ ಮಾಲಿನ್ಯಕ್ಕೆ, ಶೇ 25.4 ತಂಬಾಕಿಗೆ, ಶೇ 16.5 ಕೆಲಸದ ಜಾಗದ ಧೂಳು ಹೊಗೆಗೆ ಸೇರುತ್ತದೆ. ಗಾಳಿಯ ಮಾಲಿನ್ಯದಲ್ಲಿ ಒಲೆಯ ಹೊಗೆಯೂ ಬಂತು. ಸೇದಿದ ವರ್ಷ ಎಣಿಸಿ ಜನರನ್ನು ಆರಿಸುವ ಪದ್ಧತಿಯನ್ನು ಇಲ್ಲಿಗೆ ಹಾಗೇ ತಂದರೆ ಯಾರ್‍ಯಾರು ಹೊರಗೆ ಉಳಿಯುತ್ತಾರೆ ಅನ್ನುವುದು ಇದರಿಂದಲೇ ತಿಳಿಯುತ್ತದೆ, ಅಲ್ವಾ?

ಧೂಳು ಒಂದೇ ಬಗೆಯದಲ್ಲ

ಬಳ್ಳಾರಿಯಲ್ಲಿ ಬೆಳೆದವರಿಗೆ ಕೆಂಧೂಳು ಹೊಸದೇನಲ್ಲ. ಅದಿರು ಲಾರಿಗಳ ಕಾಲದಲ್ಲಿ ಸಂಡೂರು ರಸ್ತೆಯ ಗಿಡ, ಗೋಡೆ, ದನದ ಮೈ ಎಲ್ಲ ಒಂದೇ ಬಣ್ಣ. ಮಾವನ ಬಿಳಿ ಟವೆಲ್ ಎಷ್ಟು ಒಗೆದರೂ ಗುಲಾಬಿ ಬಣ್ಣದಲ್ಲೇ ಇರುತ್ತಿತ್ತು. ಈ ಧೂಳು ಶ್ವಾಸಕೋಶದಲ್ಲಿ ಕೂತಾಗ ಸ್ಕ್ಯಾನ್‌ನಲ್ಲಿ ಏನು ಕಾಣುತ್ತದೆ ಅನ್ನುವುದು ಇಲ್ಲಿಯವರಿಗೆ ಗೊತ್ತಿರಬೇಕಾದ ವಿಷಯ.

ಬರೀ ಕಬ್ಬಿಣದ ಧೂಳಾದರೆ ಸಣ್ಣ ಸಣ್ಣ ಚುಕ್ಕೆ ಕಾಣುತ್ತವೆ. ಇದಕ್ಕೆ ಸಿಡರೋಸಿಸ್ ಅನ್ನುತ್ತಾರೆ. ನೋಡಲು ಗಾಬರಿಯಾಗುತ್ತದೆ, ಆದರೆ ಸಾಮಾನ್ಯವಾಗಿ ಉಸಿರಿಗೆ ದೊಡ್ಡ ತೊಂದರೆ ಕೊಡುವುದಿಲ್ಲ. ಧೂಳಿನಿಂದ ದೂರ ಇದ್ದರೆ ಕಾಲಕ್ರಮೇಣ ಚುಕ್ಕೆ ಕಡಿಮೆಯಾಗುವುದೂ ಉಂಟು. ವೆಲ್ಡಿಂಗ್ ಮಾಡುವವರಲ್ಲೂ ಇದು ಕಾಣುತ್ತದೆ. ಆದರೆ ಸಂಡೂರಿನ ಬೆಟ್ಟದಲ್ಲಿ ಅದಿರಿನ ಜೊತೆಗೇ ಪಟ್ಟೆ ಪಟ್ಟೆಯಾಗಿ ಕ್ವಾರ್ಟ್ಜ್ ಕಲ್ಲೂ ಇದೆ. ಕ್ವಾರ್ಟ್ಜ್ ಅಂದರೆ ಸಿಲಿಕಾ. ರಾಯಚೂರು ಜಿಲ್ಲೆಯ ಹಟ್ಟಿಯಲ್ಲಿ ಚಿನ್ನ ಇರುವುದೂ ಕ್ವಾರ್ಟ್ಜ್ ಗೆರೆಗಳಲ್ಲೇ. ಕುಷ್ಟಗಿ ಕಡೆಯ ಗ್ರಾನೈಟ್ ಕ್ವಾರಿ, ಊರೂರಿನ ಜಲ್ಲಿ ಕ್ರಷರ್ ಎಲ್ಲದರಲ್ಲೂ ಇದೇ ಕಲ್ಲಿನ ಪುಡಿ.

ಸಿಲಿಕಾ ಬೇರೆಯೇ ಕತೆ. ಕಣ್ಣಿಗೆ ಕಾಣದಷ್ಟು ಸಣ್ಣ ಕಣ ಗಾಳಿಚೀಲದವರೆಗೆ ಹೋಗಿ, ಅದನ್ನು ನುಂಗಲು ಬಂದ ರಕ್ಷಣಾ ಕೋಶವನ್ನೇ ಕೊಲ್ಲುತ್ತದೆ. ಸುತ್ತ ಗಾಯವಾಗಿ ನಾರುಗಟ್ಟುತ್ತದೆ. ಸ್ಕ್ಯಾನ್‌ನಲ್ಲಿ ಮೇಲ್ಭಾಗದಲ್ಲಿ ದುಂಡು ದುಂಡು ಗಂಟುಗಳು, ಕೆಲವರಲ್ಲಿ ಎದೆಯ ನಡುವಿನ ಗ್ರಂಥಿಗಳ ಸುತ್ತ ಮೊಟ್ಟೆ ಚಿಪ್ಪಿನಂತೆ ತೆಳ್ಳಗೆ ಸುಣ್ಣ. ಇದು ಸಿಲಿಕೋಸಿಸ್. ಕೆಲಸ ಬಿಟ್ಟ ಮೇಲೂ ಮುಂದುವರಿಯಬಹುದು. ಟಿಬಿ ಬರುವ ಅಪಾಯವನ್ನು ಹೆಚ್ಚಿಸುತ್ತದೆ. ಸಿಲಿಕಾ ಕ್ಯಾನ್ಸರ್ ತರುವ ವಸ್ತು ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1997ರಲ್ಲೇ ಮೊದಲ ಗುಂಪಿಗೆ ಸೇರಿಸಿದೆ.

ಮೇಲ್ಭಾಗದಲ್ಲಿ ಗಂಟು, ಗಾಯ, ಸುಣ್ಣ ಅಂದರೆ ನಮ್ಮಲ್ಲಿ ಮೊದಲು ನೆನಪಾಗುವುದು ಟಿಬಿ. ಅದು ತಪ್ಪೂ ಅಲ್ಲ. ಪ್ರಪಂಚದ ಟಿಬಿ ರೋಗಿಗಳಲ್ಲಿ ಸುಮಾರು ಕಾಲು ಭಾಗ ಭಾರತದವರು. ಆದರೆ ಕಲ್ಲಿನ ಕೆಲಸದವರಲ್ಲಿ ಸಿಲಿಕೋಸಿಸ್ ಅನ್ನು ಟಿಬಿ ಅಂದುಕೊಂಡು, ಕಫದಲ್ಲಿ ರೋಗಾಣು ಸಿಗದಿದ್ದರೂ ಮತ್ತೆ ಮತ್ತೆ ಟಿಬಿ ಮಾತ್ರೆ ಕೊಡುವುದು ದೇಶದ ಹಲವು ಕಡೆ ನಡೆದಿದೆ. ಫಿಲ್ಮ್ ಒಂದೇ ತರ ಕಾಣುವಾಗ ಬೇರ್ಪಡಿಸುವುದು ಎರಡು ವಿಷಯ. ಒಂದು, ಕಫ ಪರೀಕ್ಷೆ. ಇನ್ನೊಂದು, "ನೀವು ಏನು ಕೆಲಸ ಮಾಡ್ತಿದ್ರಿ?" ಅನ್ನುವ ಪ್ರಶ್ನೆ.

ಆ ಪ್ರಶ್ನೆಗೆ ಕಾನೂನಿನ ಬಲವೂ ಇದೆ. ಸಿಲಿಕೋಸಿಸ್ 1948ರ ಕಾರ್ಖಾನೆ ಕಾಯ್ದೆಯಲ್ಲೇ ಸರ್ಕಾರಕ್ಕೆ ವರದಿ ಮಾಡಬೇಕಾದ ಕಾಯಿಲೆಗಳ ಪಟ್ಟಿಯಲ್ಲಿತ್ತು. 1952ರ ಗಣಿ ಕಾಯ್ದೆಯಲ್ಲೂ ವರದಿ ಮಾಡುವ ನಿಯಮ ಇತ್ತು. ಕೆಲಸದಿಂದ ಬಂದದ್ದು ಅಂತ ಸಾಬೀತಾದರೆ ಪರಿಹಾರಕ್ಕೆ ದಾರಿ ಇದೆ. ಆದರೆ ರಿಪೋರ್ಟಿನಲ್ಲಿ "ಮೇಲ್ಭಾಗದಲ್ಲಿ ಸಣ್ಣ ಗಂಟುಗಳು" ಅಂತಷ್ಟೇ ಬರೆದು ಬಿಟ್ಟರೆ, ಡಾಕ್ಟರು ಕ್ಯಾನ್ಸರ್ ಇಲ್ಲ ಅಂತ ಕಳಿಸಿಬಿಟ್ಟರೆ, ಆ ಮನುಷ್ಯನ ಹಕ್ಕೂ ಅದೇ ಕವರಿನಲ್ಲಿ ಮಡಚಿಕೊಂಡು ಮನೆಗೆ ಹೋಗುತ್ತದೆ. ಗುತ್ತಿಗೆ ಮೇಲೆ ಇವತ್ತು ಈ ಕ್ರಷರ್, ನಾಳೆ ಆ ಕ್ವಾರಿ ಅಂತ ದುಡಿದವರ ಹತ್ತಿರ ಕೆಲಸದ ದಾಖಲೆ ಮೊದಲೇ ಇರುವುದಿಲ್ಲ. ಅಂಥವರ ಪಾಲಿಗೆ ಡಾಕ್ಟರು ಚೀಟಿಯ ಮೇಲೆ ಬರೆಯುವ ಒಂದು ಸಾಲು ಬಹಳ ಬೆಲೆಯದು.

ಗ್ರಹಣಕ್ಕೆ ಕತ್ತರಿಸಿದ ಎಕ್ಸ್‌ರೇ

ಮಾವನಿಗೆ 1997ರಲ್ಲಿ ಟಿಬಿ ಆಗಿತ್ತು. ಮಾತ್ರೆ ಪೂರ್ತಿ ಮುಗಿಸಿ ಗುಣವಾಗಿದ್ದರು. ಬಲಗಡೆಯ ಗಾಯದ ಗುರುತು ಆವಾಗಿನದ್ದೋ, ಈಗ ಏನೋ ಹೊಸದು ಬೆಳೆಯುತ್ತಿದೆಯೋ ಅಂತ ತಜ್ಞರಿಗೆ ತಿಳಿಯಬೇಕಿತ್ತು. "ಹಳೇ ಎದೆ ಫೋಟೋ ಏನಾದ್ರೂ ಇದೆಯಾ?" ಅಂದರು.

ಅತ್ತೆ ಟ್ರಂಕ್ ಎಲ್ಲ ಹುಡುಕಿ ತಂದರು. 1999ರ ಸೂರ್ಯಗ್ರಹಣ ನೋಡಲು ಮಕ್ಕಳು ಆ ಫಿಲ್ಮಿನ ಒಂದು ಕಡೆ ಕತ್ತರಿಸಿದ್ದರು. (ಎಕ್ಸ್‌ರೇ ಫಿಲ್ಮಿನಲ್ಲಿ ಗ್ರಹಣ ನೋಡುವುದು ಕಣ್ಣಿಗೆ ಅಪಾಯ, ಆವಾಗ ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.) ಪುಣ್ಯಕ್ಕೆ ಬಲಗಡೆಯ ಮೇಲಿನ ಭಾಗ ಉಳಿದಿತ್ತು. ತಜ್ಞರು ಅದನ್ನು ಬೆಳಕಿಗೆ ಹಿಡಿದು, ಹೊಸ ಸ್ಕ್ಯಾನ್ ಪಕ್ಕದಲ್ಲಿಟ್ಟು ಬಹಳ ಹೊತ್ತು ನೋಡಿದರು. ಅದೇ ಜಾಗ, ಹೆಚ್ಚುಕಮ್ಮಿ ಅದೇ ಆಕಾರ. ಕಫ ಪರೀಕ್ಷೆ ಮಾಡಿಸಿದರು, ಅದರಲ್ಲೂ ಟಿಬಿ ಇಲ್ಲ ಅಂತ ಬಂತು. ಸೂಜಿ ಹಾಕಿ ತುಣುಕು ತೆಗೆಯುವ ಮಾತು ಅಲ್ಲಿಗೆ ನಿಂತಿತು. ಹಾಗೆ ಸೂಜಿ ಹಾಕುವಾಗ ಶ್ವಾಸಕೋಶಕ್ಕೆ ತೂತು ಬಿದ್ದು ಗಾಳಿ ಸೋರುವ ಅಪಾಯ ಇದ್ದೇ ಇರುತ್ತದೆ. ಎಂಫಿಸೀಮಾ ಇದ್ದವರಲ್ಲಿ ಇನ್ನೂ ಜಾಸ್ತಿ.

ಸ್ಕ್ರೀನಿಂಗ್ ವಿರುದ್ಧ ಹೇಳುವವರ ಮಾತಿನಲ್ಲೂ ಹುರುಳಿದೆ ಅನ್ನಲು ಇದನ್ನು ಹೇಳಿದೆ. ಎನ್‌ಎಲ್‌ಎಸ್‌ಟಿಯಲ್ಲಿ ಅನುಮಾನ ಅಂತ ಬಂದ ಸಿಟಿಗಳಲ್ಲಿ ನೂರಕ್ಕೆ 96 ಕ್ಯಾನ್ಸರ್ ಆಗಿರಲಿಲ್ಲ. ಅದು ಅಮೆರಿಕದ ಮಾತು. ಟಿಬಿಯ ಹಳೆಯ ಗಂಟುಗಳು ಇಷ್ಟೊಂದು ಇರುವ ನಮ್ಮಲ್ಲಿ ಸುಳ್ಳು ಅನುಮಾನ ಇನ್ನೂ ಹೆಚ್ಚೇ ಇರುತ್ತದೆ. ಪ್ರತಿ ಗಂಟಿನ ಹಿಂದೆಯೂ ಓಡಿದರೆ ಹೊಲ ಅಡ ಇಡುವ ಹಾಗಾಗುತ್ತದೆ. ಅದಕ್ಕೇ ಬಳ್ಳಾರಿ, ರಾಯಚೂರು, ಕೊಪ್ಪಳ ಈ ಮೂರು ಜಿಲ್ಲೆಗಳಲ್ಲಿ ಎಲ್ಲರಿಗೂ ಸಿಟಿ ಮಾಡಿಸಿ ಅಂತ ನಾನು ಹೇಳುತ್ತಿಲ್ಲ. ಆದರೆ ಮಾಡಿಸಿದ ಮೇಲೆ ಪೂರ್ತಿ ಓದಿಸಿಕೊಳ್ಳಿ, ಹಳೆಯ ಫಿಲ್ಮ್, ಹಳೆಯ ಚೀಟಿ ಒಂದನ್ನೂ ಎಸೆಯಬೇಡಿ.

ಕೂಲರಿನ ಗಾಳಿ

ಇನ್ನೊಂದು ಬಗೆಯ ಸಾಲು ರಿಪೋರ್ಟಿನಲ್ಲಿ ಬರುತ್ತದೆ. ಅದನ್ನು ಬಿಡುವುದು ಬಹಳ ಸುಲಭ. ಶ್ವಾಸಕೋಶದ ಅಂಚಿನಲ್ಲಿ ತೆಳು ಬಲೆಯಂಥ ಗೆರೆ, ಅಲ್ಲಲ್ಲಿ ಮಂಜು ಕವಿದ ಗಾಜಿನಂಥ ಛಾಯೆ. ಕಾಯಿಲೆಯ ಅನುಮಾನವೇ ಇಲ್ಲದವರ ಸ್ಕ್ಯಾನ್‌ನಲ್ಲಿ ಶ್ವಾಸಕೋಶದ ಒಂದು ವಲಯದ ಕನಿಷ್ಠ ಶೇ 5ರಷ್ಟು ಜಾಗದಲ್ಲಿ ಹೀಗೆ ಕಂಡರೆ ಅದಕ್ಕೆ ಐಎಲ್‌ಎ ಅನ್ನಬೇಕು ಅಂತ ಎದೆಯ ಚಿತ್ರಗಳ ತಜ್ಞರ ಫ್ಲೈಷ್ನರ್ ಸೊಸೈಟಿ 2020ರಲ್ಲಿ ಹೇಳಿತು. ಎಲ್ಲವೂ ಮುಂದುವರಿಯುವುದಿಲ್ಲ. ಕೆಲವು ತಾನಾಗಿಯೇ ತಿಳಿಯಾಗುತ್ತವೆ. ನಾರುಗಟ್ಟಿದ ಬಗೆ ಇದ್ದರೆ ಹೆಚ್ಚಾಗುವ ಸಂಭವ ಜಾಸ್ತಿ. ಕೊನೆಗೆ ಜೇನುಗೂಡಿನಂತೆ ಆಗಿಬಿಟ್ಟರೆ ಔಷಧಿಯಿಂದ ವೇಗ ತಗ್ಗಿಸಬಹುದೇ ಹೊರತು ಹಿಂದಕ್ಕೆ ತರಲಾಗುವುದಿಲ್ಲ. ಹಾಗಾಗಿ ಸ್ಕ್ಯಾನ್‌ನಲ್ಲಿ ಅಕಸ್ಮಾತ್ ಸಿಕ್ಕ ಆ ತೆಳು ಗೆರೆ ನಿಜಕ್ಕೂ ಒಂದು ಅವಕಾಶ.

ಈಗ ನಮ್ಮ ಊರಿನ ವಿಷಯಕ್ಕೆ ಬರುತ್ತೇನೆ. ಭಾರತದ 19 ನಗರಗಳ 27 ಕೇಂದ್ರಗಳಲ್ಲಿ ಇಂಥ ಶ್ವಾಸಕೋಶ ಗಡುಸಾಗುವ ಕಾಯಿಲೆಗಳ 1,084 ರೋಗಿಗಳನ್ನು ಪರಿಶೀಲಿಸಿ 2017ರಲ್ಲಿ ಒಂದು ದೊಡ್ಡ ವರದಿ ಬಂತು. ಅರ್ಧಕ್ಕೆ ಹತ್ತಿರ, ಅಂದರೆ ಶೇ 47.3 ಜನರಿಗೆ ಇದ್ದದ್ದು ಹೈಪರ್‌ಸೆನ್ಸಿಟಿವಿಟಿ ನ್ಯುಮೊನೈಟಿಸ್. ಉಸಿರಿನ ಜೊತೆ ಒಳಹೋದ ಬೂಷ್ಟು, ಹಕ್ಕಿಯ ಪುಕ್ಕದ ಧೂಳು ಇಂಥದ್ದಕ್ಕೆ ದೇಹ ರೇಗಿ ಬರುವ ಕಾಯಿಲೆ. ಅವರಲ್ಲೂ ಸುಮಾರು ಅರ್ಧ ಜನ ಏರ್ ಕೂಲರ್ ಬಳಸುತ್ತಿದ್ದರು.

ರಾಯಚೂರು, ಬಳ್ಳಾರಿಯಲ್ಲಿ ಮಾರ್ಚ್ ಬಂತಂದರೆ ಕೂಲರ್ ಇಲ್ಲದ ಮನೆ ಎಷ್ಟಿವೆ? ಅಟ್ಟದ ಮೇಲಿಂದ ಇಳಿಸಿ, ಹೋದ ವರ್ಷದ ಹುಲ್ಲಿನ ಪ್ಯಾಡ್ ಅನ್ನೇ ತಟ್ಟಿ, ನೀರು ತುಂಬಿ ಸ್ವಿಚ್ ಹಾಕುತ್ತೇವೆ. ಮೊದಲ ದಿನ ಬರುವ ಆ ಮಣ್ಣು ವಾಸನೆ ಹಾಯ್ ಅನಿಸುತ್ತದೆ. ಒದ್ದೆ ಹುಲ್ಲಿನಲ್ಲಿ, ತಳದಲ್ಲಿ ನಿಂತ ಲೋಳೆ ನೀರಿನಲ್ಲಿ ಬೆಳೆದ ಬೂಷ್ಟು ರಾತ್ರಿಯೆಲ್ಲ ನಮ್ಮ ಮುಖಕ್ಕೆ ಬೀಸುತ್ತಿರುತ್ತದೆ. ಕೂಲರ್ ಬಳಸಿದವರಿಗೆಲ್ಲ ಈ ಕಾಯಿಲೆ ಬರುವುದಿಲ್ಲ, ಸ್ವಲ್ಪ ಜನರ ದೇಹ ಮಾತ್ರ ಹಾಗೆ ರೇಗುತ್ತದೆ. ಆದರೂ ಪ್ರತಿ ವರ್ಷ ಹೊಸ ಪ್ಯಾಡ್ ಹಾಕುವುದು, ವಾರಕ್ಕೊಮ್ಮೆ ನೀರು ಪೂರ್ತಿ ಚೆಲ್ಲಿ ತೊಟ್ಟಿ ತಿಕ್ಕಿ ಒಣಗಿಸುವುದು ಕಷ್ಟದ ಕೆಲಸವಲ್ಲ. ಐಎಲ್‌ಎ ಅಂತ ಬಂದವರು ಡಾಕ್ಟರಿಗೆ ಮನೆಯ ಕೂಲರ್, ಮೇಲಿನ ಪಾರಿವಾಳದ ಗೂಡು ಎರಡರ ವಿಷಯವನ್ನೂ ಹೇಳಬೇಕು. ಅವರು ಕೇಳದಿದ್ದರೂ.

ಹೃದಯದ ಸುಣ್ಣದ ಬಗ್ಗೆ ಚಿಕ್ಕದಾಗಿ ಹೇಳಿಬಿಡುತ್ತೇನೆ. ಅದು ಬರುವ ವರ್ಷಗಳಲ್ಲಿ ಹಾರ್ಟ್ ಅಟ್ಯಾಕ್ ಅಪಾಯ ಇದೆ ಅನ್ನುವ ಸೂಚನೆ. ಬಿಪಿ, ಶುಗರ್, ಕೊಲೆಸ್ಟ್ರಾಲ್ ನೋಡಿಸಿ, ಬೇಕಾದರೆ ಮಾತ್ರೆ ಶುರು ಮಾಡಿದರೆ ಲಾಭ ಇದೆ.

ಎರಡು ಕಾಗದ, ಎರಡು ದಾರಿ

ಆಶಾ ಕಾರ್ಯಕರ್ತೆಯರು 30 ದಾಟಿದವರ ಮನೆಗೆ ಬಂದು ಸಿಬ್ಯಾಕ್ ಅನ್ನುವ ಫಾರಂ ತುಂಬುತ್ತಾರೆ. ಅದರ ಒಂದು ಭಾಗ ಸಿಒಪಿಡಿ ಅಪಾಯದ್ದು. ಅಡುಗೆಗೆ ಏನು ಉರಿಸುತ್ತೀರಿ, ಕಟ್ಟಿಗೆಯಾ, ಬೆಳೆಯ ಕಡ್ಡಿಯಾ, ಕುಳ್ಳಾ, ಗ್ಯಾಸಾ? ಹೊಗೆ ಧೂಳಿನ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತೀರಾ? ಎಷ್ಟು ಒಳ್ಳೆಯ ಪ್ರಶ್ನೆಗಳು! ಒಬ್ಬ ತಜ್ಞ ಕೇಳಬೇಕಾದ್ದನ್ನು ಆಶಾ ಅಕ್ಕ ಕಟ್ಟೆಯ ಮೇಲೆ ಕೂತು ಕೇಳಿಯಾಗಿದೆ. ಆದರೆ ಆ ಫಾರಂ ಒಂದು ದಾರಿಯಲ್ಲಿ ಹೋಗುತ್ತದೆ, ಸ್ಕ್ಯಾನ್ ರಿಪೋರ್ಟ್ ಇನ್ನೊಂದು ದಾರಿಯಲ್ಲಿ. ರೇಡಿಯಾಲಜಿ ಕೋಣೆಗೆ ಹೋಗುವ ಚೀಟಿಯಲ್ಲಿ ಹೆಸರು, ವಯಸ್ಸು, "ಕೆಮ್ಮು" ಇಷ್ಟೇ ಇರುತ್ತದೆ. ಹಟ್ಟಿಯಲ್ಲಿ ದುಡಿದವರು, ಸಿಂಧನೂರಿನ ರೈಸ್ ಮಿಲ್ಲಿನವರು, ಶಕ್ತಿನಗರದ ಹಾರುಬೂದಿಯ ಪಕ್ಕದಲ್ಲಿ ಇರುವವರು ಎಲ್ಲರೂ ಆ ಚೀಟಿಯಲ್ಲಿ ಒಂದೇ.

ಬಳ್ಳಾರಿಯಲ್ಲಿ ನಾವು ಇನ್ನೂ ವಿಮ್ಸ್ ಅಂತಲೇ ಕರೆಯುವ ಮೆಡಿಕಲ್ ಕಾಲೇಜು ಆಸ್ಪತ್ರೆ ಇದೆ, ರಾಯಚೂರಿನಲ್ಲಿ ರಿಮ್ಸ್, ಕೊಪ್ಪಳದಲ್ಲಿ ಕಿಮ್ಸ್. ಮೂರು ಜಿಲ್ಲೆಗೆ ಮೂರು ಸರ್ಕಾರಿ ಮೆಡಿಕಲ್ ಕಾಲೇಜು. ಎದೆಯ ಸ್ಕ್ಯಾನ್, ಎಕ್ಸ್‌ರೇ ಬರೆಯುವ ಚೀಟಿಯಲ್ಲಿ "ಕೆಲಸ, ಎಷ್ಟು ವರ್ಷ, ಮನೆಯ ಉರುವಲು" ಅನ್ನುವ ಒಂದು ಸಾಲು ಸೇರಿಸಲು ಹೊಸ ಯಂತ್ರ ಬೇಕಿಲ್ಲ. ರಿಪೋರ್ಟಿನ ಕೊನೆಯಲ್ಲಿ, ಕ್ಯಾನ್ಸರ್ ಇಲ್ಲ ಅನ್ನುವುದರ ಕೆಳಗೆ, "ಊದುವ ಪರೀಕ್ಷೆ ಮಾಡಿಸಿ" ಅಥವಾ "ಕಫ ಪರೀಕ್ಷೆಗೆ ಕಳಿಸಿ" ಅಂತ ಕನ್ನಡದಲ್ಲಿ ಒಂದು ಸಾಲು ಬರೆಯಬಹುದು. 2024ರ ಡಿಸೆಂಬರ್‌ನಲ್ಲಿ ಶುರುವಾದ 100 ದಿನಗಳ ಟಿಬಿ ಅಭಿಯಾನದಲ್ಲಿ ಕೈಯಲ್ಲಿ ಹಿಡಿದು ಒಯ್ಯುವ ಎಕ್ಸ್‌ರೇ ಯಂತ್ರಗಳನ್ನೂ ಬಳಸಿದರು. ಅಲ್ಲೂ ಇದೇ ಪ್ರಶ್ನೆ ಇದೆ. ಟಿಬಿ ಇಲ್ಲ ಅಂತಾದವರ ಫಿಲ್ಮಿನಲ್ಲಿ ಬೇರೆ ಏನಾದರೂ ಕಂಡರೆ ಅವರು ಎಲ್ಲಿಗೆ ಹೋಗಬೇಕು?

2025ರ ಫೆಬ್ರುವರಿ 24ರಂದು ಕೊಪ್ಪಳ ಬಂದ್ ಆಯಿತು. ಊರ ಪಕ್ಕದಲ್ಲಿ ಉಕ್ಕಿನ ಕಾರ್ಖಾನೆ ದೊಡ್ಡದು ಮಾಡುವುದು ಬೇಡ ಅಂತ ಸಾವಿರಾರು ಜನ ಬೀದಿಗಿಳಿದರು. ಧೂಳಿನಿಂದ ಉಸಿರಿನ ಕಾಯಿಲೆ ಹೆಚ್ಚಿದೆ ಅನ್ನುವುದು ಅಲ್ಲಿನವರ ಮುಖ್ಯ ದೂರು. ಇಂಥ ವಾದದಲ್ಲಿ ಎರಡೂ ಕಡೆಯವರು ಅಂಕಿ ಕೇಳುತ್ತಾರೆ. ಕ್ಯಾನ್ಸರ್ ಹೆದರಿಕೆಯಿಂದ ಸ್ಕ್ಯಾನ್ ಮಾಡಿಸಿದವರ ರಿಪೋರ್ಟ್ ಎಣಿಸಿ ಊರಿನ ಆರೋಗ್ಯ ಹೇಳಲು ಆಗುವುದಿಲ್ಲ, ಯಾಕಂದರೆ ಅವರು ಮೊದಲೇ ಹೆದರಿದವರು, ದುಡ್ಡು ಹೊಂದಿಸಿಕೊಂಡು ಬಂದವರು. ಆದರೆ ಕೆಲಸ, ಊರು, ಉರುವಲು ಬರೆದಿಟ್ಟ ನೂರಾರು ರಿಪೋರ್ಟುಗಳು ಒಂದೇ ಕಡೆ ಬೆರಳು ತೋರಿಸಿದರೆ, ಅಲ್ಲಿ ಹೋಗಿ ಸರಿಯಾಗಿ ಊದುವ ಪರೀಕ್ಷೆ ನಡೆಸಲು ಅದು ಸಾಕು. ನನ್ನ ಅಭಿಪ್ರಾಯದಲ್ಲಿ ಈ ಜಿಲ್ಲೆಗಳಿಗೆ ಸಿಟಿಗಿಂತ ಮೊದಲು ಬೇಕಾದ್ದು ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲಿ ಒಂದು ಸ್ಪೈರೋಮೀಟರ್, ಅದನ್ನು ಸರಿಯಾಗಿ ಊದಿಸಬಲ್ಲ ಒಬ್ಬರು.

ಮಾವನಿಗೆ ಈಗ ಇನ್‌ಹೇಲರ್ ಶುರುವಾಗಿದೆ. "ಪಂಪ್ ಹಾಕಿದ್ರ ಚಟ ಆಕ್ಕೇತಿ" ಅಂತ ಮೊದಲು ಒಪ್ಪಲಿಲ್ಲ. ಚಟ ಆಗುವುದಿಲ್ಲ, ಮಾತ್ರೆಯಲ್ಲಿ ಮಿಲಿಗ್ರಾಂ ಲೆಕ್ಕದ ಔಷಧಿ ಇಡೀ ಮೈಗೆ ಹೋದರೆ ಇದರಲ್ಲಿ ಮೈಕ್ರೋಗ್ರಾಂ ಲೆಕ್ಕದ್ದು ನೇರ ಶ್ವಾಸಕೋಶಕ್ಕೆ ಹೋಗುತ್ತದೆ ಅಂತ ತಜ್ಞರು ಕೂರಿಸಿ ಹೇಳಿದರು. ಬೀಡಿ ಬಿಡಲು 1800-11-2356ಕ್ಕೆ ಫೋನ್ ಮಾಡಿದೆವು. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಎರಡು ಸಲ ಬಿಟ್ಟು ಎರಡು ಸಲ ಮತ್ತೆ ಹಚ್ಚಿದರು. ಈಗ ಮೂರನೇ ಸಲ, ಹತ್ತೊಂಬತ್ತು ದಿನ ಆಗಿದೆ. ಮುಂದಿನ ವರ್ಷ ಮತ್ತೆ ಸ್ಕ್ಯಾನ್ ಇದೆ.

ಹೋದ ವಾರ ಅತ್ತೆ ಅಡುಗೆಮನೆಯಿಂದಲೇ ಕೇಳಿದರು. "ಅಲ್ಲಪಾ, ಆ ಊದೋದು ಐತಲ್ಲ, ಅದನ್ನ ಹೆಂಗಸರಿಗೂ ಮಾಡ್ತಾರೇನು?" ಅವರು ಒಂದು ಬೀಡಿಯನ್ನೂ ಮುಟ್ಟಿದವರಲ್ಲ. ಮದುವೆಯಾಗಿ ಬಂದ ದಿನದಿಂದ ಇಪ್ಪತ್ತೈದು ವರ್ಷ ಹತ್ತಿ ಕಟ್ಟಿಗೆ, ಕುಳ್ಳಿನ ಒಲೆಯ ಮುಂದೆ ರೊಟ್ಟಿ ಬಡಿದಿದ್ದಾರೆ. ಬೆಳಗಿನ ಜಾವ ಅವರು ಕೆಮ್ಮುವುದು ಪಕ್ಕದ ಮನೆಗೂ ಕೇಳುತ್ತದೆ, ನಾವೆಲ್ಲ ಅದನ್ನು ಅಲಾರಂ ತರ ಕೇಳಿಕೊಂಡೇ ಬೆಳೆದೆವು. ಸೇದಿದ ವರ್ಷ ಎಣಿಸುವ ಯಾವ ಸ್ಕ್ರೀನಿಂಗ್ ಪಟ್ಟಿಯಲ್ಲೂ ಅವರ ಹೆಸರು ಬರುವುದಿಲ್ಲ. ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ಅವರನ್ನು ಊದಿಸಲು ಕರೆದುಕೊಂಡು ಹೋಗುತ್ತಿದ್ದೇನೆ.